ಮೊದಲು ಫೋನ್ ಇಡಿ, ಆಮೇಲೆ ನಾವೇ ಮಾಡೋಣ

ಕಲಬುರಗಿಯ ನೆಹರು ಗಂಜ್‌ನ ದಲಾಲಿ ಅಂಗಡಿಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ತೊಗರಿ ತಂದ ರೈತರಿಗೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಬರೆಯುವುದು, ಅವರ ಖಾತೆಗೆ ಹಣ ಹಾಕುವುದು, ಸಾಹುಕಾರರ ಚಾಲ್ತಿ ಖಾತೆಯನ್ನು ದಿನವೂ ತಾಳೆ ನೋಡುವುದು ನನ್ನ ಕೆಲಸ. ‘ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ, ನಿಮ್ಮ ಖಾತೆಯಲ್ಲಿ ಅನುಮಾನದ ವ್ಯವಹಾರ ಕಂಡುಬಂದಿದೆ’ ಎನ್ನುವ ಕರೆಗಳು ಹೀಗಾಗಿ ನನ್ನ ಪಾಲಿಗೆ ಬರುತ್ತಲೇ ಇರುತ್ತವೆ. ಕೆಲವು ಅಂಗಡಿಯ ಫೋನಿಗೆ ಬಂದರೆ ಹೆಚ್ಚಿನವು ಕಟ್ಟೆಯ ಮೇಲೆ ಕುಳಿತ ರೈತರ ಮೊಬೈಲಿಗೆ ಬರುತ್ತವೆ. ತೊಗರಿಯ ಸುಗ್ಗಿ ಮುಗಿದು ಖಾತೆಗಳಲ್ಲಿ ಹಣ ಆಡುವ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಇವುಗಳ ಕಾಟ ಜಾಸ್ತಿ.

ಎಲ್ಲವೂ ಮೋಸದ ಕರೆಗಳೇ ಆಗಿದ್ದರೆ ಎತ್ತದೆ ಬಿಟ್ಟು ಸುಮ್ಮನಿರಬಹುದಿತ್ತು. ಆದರೆ ನಡುನಡುವೆ ಅಸಲಿ ಕರೆಯೂ ಬರುತ್ತದೆ. ವ್ಯವಹಾರಗಳ ಮೇಲೆ ಕಣ್ಣಿಡಲೆಂದೇ ಬ್ಯಾಂಕುಗಳಲ್ಲಿ ಒಂದು ವಿಭಾಗವಿರುತ್ತದೆ. ಎಂದೂ ಹೋಗದ ಊರಿನಲ್ಲಿ ಕಾರ್ಡ್ ಉಜ್ಜಿದರೆ, ಒಮ್ಮೆಲೇ ದೊಡ್ಡ ಮೊತ್ತ ಹೊರಟರೆ ಅವರು ಕರೆ ಮಾಡಿ ‘ಇದು ನೀವೇ ಮಾಡಿದ್ದೇ?’ ಎಂದು ಕೇಳುವುದುಂಟು. ಸಾಹುಕಾರರ ಮಗ ಸೊಲ್ಲಾಪುರಕ್ಕೆ ಯಂತ್ರದ ಬಿಡಿಭಾಗ ತರಲು ಹೋಗಿದ್ದಾಗ ಹಾಗೇ ಆಯಿತು. ಕಾರ್ಡ್ ಸಾಹುಕಾರರದು, ನೋಂದಾಯಿಸಿದ ಮೊಬೈಲ್ ಅಂಗಡಿಯಲ್ಲಿತ್ತು. ಮುದ್ರಿತ ಧ್ವನಿಯೊಂದು ಕಾರ್ಡಿನ ಕೊನೆಯ ನಾಲ್ಕು ಅಂಕಿ ಹೇಳಿ, ಮೊತ್ತ ಹೇಳಿ, ವ್ಯವಹಾರ ನಿಮ್ಮದಾದರೆ ಇಂಥ ಗುಂಡಿ ಒತ್ತಿ, ಅಲ್ಲವಾದರೆ ಇಂಥದ್ದು ಎಂದಿತು. ನಾನು ಯಾವ ಗುಂಡಿಯನ್ನೂ ಒತ್ತದೆ ಫೋನ್ ಇಟ್ಟೆ. ಕಾರ್ಡಿನ ಹಿಂಬದಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೆ, ಸಾಹುಕಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದಕ್ಕೆ ಫೋನ್ ಮಾಡಿದೆ. ‘ಹೌದು, ಕರೆ ನಮ್ಮದೇ. ಆ ಪಾವತಿಯನ್ನು ತಾತ್ಕಾಲಿಕವಾಗಿ ತಡೆದಿದ್ದೇವೆ’ ಎಂದರು. ಸಾಹುಕಾರರು ಖಚಿತಪಡಿಸಿದರು, ಪಾವತಿ ಮುಂದುವರಿಯಿತು.

ಆ ಕರೆ ಅಸಲಿಯಾಗಿತ್ತು. ಆದರೂ ನಡುವೆ ಫೋನ್ ಇಟ್ಟಿದ್ದರಿಂದ ನಮಗೆ ಏನೂ ನಷ್ಟವಾಗಲಿಲ್ಲ. ಬ್ಯಾಂಕಿನವರು ಬೇಸರಿಸಿಕೊಳ್ಳಲೂ ಇಲ್ಲ, ಅವಸರಪಡಿಸಲೂ ಇಲ್ಲ. ನನ್ನ ಇಡೀ ಪದ್ಧತಿ ಇದರ ಮೇಲೆಯೇ ನಿಂತಿದೆ. ಕರೆ ಅಸಲಿಯೋ ನಕಲಿಯೋ ಎಂದು ಮಾತು ಕೇಳಿಸಿಕೊಂಡು ತೀರ್ಮಾನಿಸಲು ನಾನು ಹೋಗುವುದೇ ಇಲ್ಲ. ಎರಡಕ್ಕೂ ಒಂದೇ ಉತ್ತರ: ಫೋನ್ ಇಡುತ್ತೇನೆ, ಬ್ಯಾಂಕಿನ ಸಂಖ್ಯೆಗೆ ನಾನೇ ಮಾಡುತ್ತೇನೆ.

ಮಾತು ಕೇಳಿ ಪತ್ತೆ ಹಚ್ಚುತ್ತೇನೆ ಎನ್ನುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಹಿಂದೆ ಇಂಥವರ ತಡವರಿಕೆಯ ಮಾತಿನಲ್ಲೇ ಗುಟ್ಟು ರಟ್ಟಾಗುತ್ತಿತ್ತು. ಈಗ ಸೊಗಸಾದ ಕನ್ನಡದಲ್ಲಿ ಮಾತನಾಡುತ್ತಾರೆ, ಬೇಕಾದರೆ ನಮ್ಮ ಭಾಗದ ಹಿಂದಿಯಲ್ಲೂ ಮಾತನಾಡುತ್ತಾರೆ. ನಿಮ್ಮ ಹೆಸರು, ಶಾಖೆ, ಕಾರ್ಡಿನ ಕೆಲವು ಅಂಕಿಗಳು ಅವರ ಬಳಿ ಮೊದಲೇ ಇರುತ್ತವೆ. ಎಲ್ಲೆಲ್ಲೋ ಕೊಟ್ಟ ಜೆರಾಕ್ಸ್ ಪ್ರತಿಗಳು, ಸೋರಿಹೋದ ಮಾಹಿತಿಯ ಕಂತೆಗಳು ಯಾರ ಕೈಯಲ್ಲಿವೆ ಎಂದು ಯಾರು ಬಲ್ಲರು? ಕರೆ ಮಾಡಿದವನಿಗೆ ನಮ್ಮ ಬಗ್ಗೆ ಎಷ್ಟು ಗೊತ್ತು ಎನ್ನುವುದು ಅವನು ಯಾರು ಎನ್ನುವುದಕ್ಕೆ ಪುರಾವೆಯಾಗದು.

ಪರದೆಯ ಮೇಲೆ ಮೂಡುವ ಸಂಖ್ಯೆಯ ಕಥೆಯೂ ಹೆಚ್ಚುಕಡಿಮೆ ಅಷ್ಟೇ. ಗ್ರಾಹಕರಿಗೆ ಸೇವೆ ಮತ್ತು ವ್ಯವಹಾರಕ್ಕೆ ಸಂಬಂಧಿಸಿದ ಕರೆಗಳನ್ನು 1600ರಿಂದ ಆರಂಭವಾಗುವ ಸಂಖ್ಯೆಗಳಿಂದಲೇ ಮಾಡಬೇಕು, ಪ್ರಚಾರದ ಕರೆಗಳಿಗೆ 140ರ ಸರಣಿ ಬಳಸಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಒಳ್ಳೆಯ ಕ್ರಮ. ಹತ್ತು ಅಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ‘ಬ್ಯಾಂಕಿನ ವಂಚನೆ ತಡೆ ವಿಭಾಗ’ ಮಾತನಾಡಿದರೆ ಅಲ್ಲೇ ಸಂಶಯಪಡಲು ಇದು ದಾರಿ ಮಾಡಿಕೊಟ್ಟಿದೆ. ಆದರೆ 1600 ಕಂಡ ಮಾತ್ರಕ್ಕೆ ನಾನು ಗುಟ್ಟು ಬಿಟ್ಟುಕೊಡುವುದಿಲ್ಲ. ಬೇರೆಯವರ ಸಂಖ್ಯೆ ಕಾಣುವಂತೆ ಕರೆ ಮಾಡುವ ವಿದ್ಯೆ ಕಳ್ಳರಿಗೆ ಹೊಸದಲ್ಲ. ಟ್ರೂಕಾಲರ್‌ನಲ್ಲಿ ಬ್ಯಾಂಕಿನ ಹೆಸರು ಬಂತು, ವಾಟ್ಸ್‌ಆ್ಯಪ್‌ನಲ್ಲಿ ಬ್ಯಾಂಕಿನ ಲಾಂಛನ ಕಂಡಿತು ಎನ್ನುವುದಂತೂ ಲೆಕ್ಕಕ್ಕೇ ಇಲ್ಲ. ಆ ಹೆಸರು, ಆ ಚಿತ್ರವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಕಳೆದ ಎಳ್ಳ ಅಮಾವಾಸ್ಯೆಯ ಹಿಂದಿನ ವಾರ ಆಳಂದ ತಾಲ್ಲೂಕಿನ ರೈತರೊಬ್ಬರು ಪಟ್ಟಿ ಮಾಡಿಸಿಕೊಂಡು ಅಂಗಡಿಯಲ್ಲಿ ಕುಳಿತಿದ್ದರು. ಅವರ ಮೊಬೈಲ್ ಬಾರಿಸಿತು. ಎರಡು ಮಾತು ಕೇಳುವಷ್ಟರಲ್ಲಿ ಮುಖ ಬಿಳಿಚಿಕೊಂಡಿತು. ‘ತಂಗಿ, ನನ್ನ ಖಾತೆಯಿಂದ ಯಾರೋ ಹಣ ಎಳೆಯುತ್ತಿದ್ದಾರಂತೆ, ನೋಡವ್ವ’ ಎಂದು ಫೋನ್ ನನ್ನ ಕೈಗಿತ್ತರು.

‘ಮೇಡಂ, 49,999 ರೂಪಾಯಿ ಹೊರಗೆ ಹೋಗುತ್ತಿದೆ. ತಡೆಯಬೇಕಾದರೆ ಈಗ ಒಂದು ಸಂಕೇತ ಬರುತ್ತದೆ, ಅದನ್ನು ಓದಿ ಹೇಳಿ’ ಎಂದ ಆ ಕಡೆಯವನು. ದನಿ ಬಹಳ ಮೃದುವಾಗಿತ್ತು.

‘ಆಗಲಿ, ಫೋನ್ ಇಟ್ಟು ಕಾರ್ಡಿನ ಹಿಂದಿರುವ ಸಂಖ್ಯೆಗೆ ನಾವೇ ಮಾಡುತ್ತೇವೆ’ ಎಂದೆ.

‘ಫೋನ್ ಇಟ್ಟರೆ ಹಣ ಹೋಗಿಬಿಡುತ್ತದೆ ಮೇಡಂ. ಆಮೇಲೆ ಬ್ಯಾಂಕ್ ಜವಾಬ್ದಾರಿಯಲ್ಲ. ಅಲ್ಲಿಗೆ ಮಾಡಿದರೂ ಕರೆ ನಮ್ಮ ವಿಭಾಗಕ್ಕೇ ಬರುತ್ತದೆ, ಸುಮ್ಮನೆ ಹೊತ್ತು ಹಾಳು.’

ನನಗೆ ಅಷ್ಟು ಸಾಕಾಗಿತ್ತು. ನಾನು ಬ್ಯಾಂಕಿಗೆ ಫೋನ್ ಮಾಡುವುದನ್ನು ಬ್ಯಾಂಕಿನವನೇ ಏಕೆ ತಡೆಯುತ್ತಾನೆ? ಫೋನ್ ಇಟ್ಟೆ. ಅಷ್ಟರಲ್ಲಿ ಸಂದೇಶ ಬಂದಿತ್ತು. ಅದನ್ನು ಆ ರೈತ ಕಾಕಾ ಅವರಿಗೆ ಒಂದೊಂದೇ ಪದ ಬಿಡಿಸಿ ಕನ್ನಡದಲ್ಲಿ ಹೇಳಿದೆ. ಮೊದಲ ಸಾಲಿನಲ್ಲಿ ಆರು ಅಂಕಿ. ಮುಂದೆ, ಇದು ಇಂಥ ಆನ್‌ಲೈನ್ ಅಂಗಡಿಗೆ 49,999 ರೂಪಾಯಿ ಪಾವತಿಸಲು ಬೇಕಾದ ಒಟಿಪಿ. ಕೊನೆಗೆ, ಯಾರಿಗೂ ಹೇಳಬೇಡಿ. ತಡೆಯುವ, ರದ್ದು ಮಾಡುವ ಮಾತು ಆ ಸಂದೇಶದಲ್ಲಿ ಎಲ್ಲಿಯೂ ಇರಲಿಲ್ಲ. ಗಾಬರಿಯಲ್ಲಿ ಜನ ಅಂಕಿಗಳನ್ನಷ್ಟೇ ನೋಡುತ್ತಾರೆ, ಅದರಲ್ಲೂ ಸಂದೇಶ ಇಂಗ್ಲಿಷಿನಲ್ಲಿದ್ದರೆ ಮುಂದಿನ ಸಾಲು ಓದುವುದೇ ಇಲ್ಲ. ಒಟಿಪಿ ಏತಕ್ಕೆ ಬಂದಿದೆ ಎನ್ನುವುದು ಆ ಸಾಲಿನಲ್ಲೇ ಬರೆದಿರುತ್ತದೆ.

ಆಮೇಲೆ ಬ್ಯಾಂಕಿಗೆ ಮಾಡಿದಾಗ ಅಲ್ಲಿಂದ ಕರೆಯೇ ಹೋಗಿಲ್ಲ ಎಂದು ತಿಳಿಯಿತು. ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಒಟಿಪಿ ಹುಟ್ಟಿದೆ ಎಂದರೆ ಕಾರ್ಡಿನ ವಿವರ ಕಳ್ಳನ ಕೈಯಲ್ಲಿದೆ ಎಂದೇ ಅರ್ಥ, ಆದ್ದರಿಂದ ಆ ಕಾರ್ಡನ್ನು ರದ್ದು ಮಾಡಿಸಿದೆವು. ಹಬ್ಬ ಎದುರಿಗಿದೆ, ಮನೆಯಲ್ಲಿ ಹೊಲಕ್ಕೆ ಚರಗ ಚೆಲ್ಲುವ ತಯಾರಿ ನಡೆದಿದೆ, ಎಟಿಎಂ ಇಲ್ಲದೆ ಹೇಗೆ ಎಂದು ಕಾಕಾ ಪೇಚಾಡಿಕೊಂಡರು. ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ಹಣ ತೆಗೆದುಕೊಂಡರು. ಹೊಸ ಕಾರ್ಡ್ ಆಮೇಲೆ ಬಂತು.

ತಿರುಗಿ ಮಾಡುವ ಸಂಖ್ಯೆ ಎಲ್ಲಿಂದ ಬಂತು ಎನ್ನುವುದೂ ಅಷ್ಟೇ ಮುಖ್ಯ. ಕರೆ ಬಂದ ಸಂಖ್ಯೆಗೇ ಮರಳಿ ಒತ್ತುವುದು ವ್ಯರ್ಥ. ಗೂಗಲ್‌ನಲ್ಲಿ ಹುಡುಕುವುದು ಅದಕ್ಕಿಂತ ಅಪಾಯ, ಏಕೆಂದರೆ ಬ್ಯಾಂಕಿನ ಸಹಾಯವಾಣಿ ಎಂದು ತಮ್ಮ ಸಂಖ್ಯೆಯನ್ನೇ ಅಲ್ಲಿ ಹರಡಿಟ್ಟವರಿದ್ದಾರೆ. ಕಾರ್ಡಿನ ಹಿಂಬದಿ, ಬ್ಯಾಂಕಿನ ಸ್ವಂತ ಆ್ಯಪ್, ಇವೆರಡರಲ್ಲಿ ಇರುವುದನ್ನು ಮಾತ್ರ ನಾನು ನಂಬುತ್ತೇನೆ. ಹಳೆಯ ಪಾಸ್‌ಬುಕ್ ಇಟ್ಟುಕೊಂಡವರು ಇನ್ನೊಂದು ವಿಷಯ ಗಮನಿಸಬೇಕು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದೇ ಎಸ್‌ಬಿಐನಲ್ಲಿ ಸೇರಿಹೋಯಿತು, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ಸೇರಿತು. ಆದರೂ ನಮ್ಮ ಕಡೆ ಇಂದಿಗೂ ‘ಎಸ್‌ಬಿಎಚ್ ಖಾತೆ’ ಎನ್ನುವವರಿದ್ದಾರೆ. ‘ನಿಮ್ಮ ಹಳೆಯ ಖಾತೆ ವಿಲೀನವಾಗಿಲ್ಲ, ಬಂದ್ ಆಗುತ್ತದೆ’ ಎಂದು ಯಾರಾದರೂ ಹೆದರಿಸಿದರೆ ಇವರೇ ಮೊದಲು ನಂಬುವವರು.

ತಿರುಗಿ ಫೋನ್ ಮಾಡುವ ಉಪಾಯವನ್ನೂ ಕೆಡಿಸುವ ಕೆಲವು ತಂತ್ರಗಳಿವೆ. ಎಪಿಕೆ ಎಂಬ, ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಕಡತ ಕಳಿಸಿ ‘ಬ್ಯಾಂಕಿನ ಆ್ಯಪ್’ ಹಾಕಿಸುವುದು ಇವುಗಳಲ್ಲಿ ಅತಿ ಕೆಟ್ಟದ್ದು. ಒಮ್ಮೆ ಅದು ಫೋನಿನೊಳಗೆ ಕುಳಿತರೆ ಸಂದೇಶ ಓದುತ್ತದೆ. ಕೆಲವಂತೂ ನಾವು ಬ್ಯಾಂಕಿಗೆ ಮಾಡಿದ ಕರೆಯನ್ನೇ ಕಳ್ಳರ ಕಡೆ ತಿರುಗಿಸುತ್ತವೆ. ಪರದೆಯನ್ನು ದೂರದಿಂದ ನೋಡುವ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸುವುದೂ ಇದೇ ಜಾತಿಯದು. ಹೀಗೇನಾದರೂ ಹಾಕಿಕೊಂಡಿದ್ದಾರೆ ಎಂದು ತಿಳಿದರೆ ನಾನು ಅವರ ಮೊಬೈಲನ್ನು ಮುಟ್ಟುವುದಿಲ್ಲ, ಇಂಟರ್‌ನೆಟ್ ಬಂದ್ ಮಾಡಿಸಿ ಅಂಗಡಿಯ ಫೋನಿನಿಂದ ಬ್ಯಾಂಕಿಗೆ ಮಾತನಾಡಿಸುತ್ತೇನೆ. ಇನ್ನು, ಸ್ಟಾರ್ ಗುರುತಿನೊಂದಿಗೆ 401 ಒತ್ತಿ ಮುಂದೆ ಒಂದು ಮೊಬೈಲ್ ಸಂಖ್ಯೆ ಸೇರಿಸಿ ಎಂದು ಹೇಳಿಸುತ್ತಿದ್ದ ಕಾಲವಿತ್ತು. ಹಾಗೆ ಮಾಡಿದರೆ ನಮಗೆ ಬರಬೇಕಾದ ಕರೆಗಳೆಲ್ಲ ಕಳ್ಳನಿಗೆ ಹೋಗುತ್ತಿದ್ದವು. ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಆ ಬಗೆಯ ಸೌಲಭ್ಯ ನಿಲ್ಲಿಸಲು ಕಂಪನಿಗಳಿಗೆ ಸೂಚಿಸಿತು. ಆದರೂ ಕಾಲ್ ಫಾರ್ವರ್ಡಿಂಗ್ ಆಗಿದೆಯೇ ಎಂದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಡಿಯೇ ನಾನು ಮುಂದುವರಿಯುತ್ತೇನೆ. ‘ಇನ್ನೊಂದು ಕರೆ ಬರುತ್ತಿದೆ, ಅದನ್ನೂ ಇದಕ್ಕೆ ಜೋಡಿಸಿ’ ಎನ್ನುವುದು ಈಚಿನದು. ಜೋಡಿಸಿದ ಆ ಕರೆ ಒಟಿಪಿಯನ್ನು ಧ್ವನಿಯಲ್ಲಿ ಓದಿ ಹೇಳುತ್ತದೆ, ಕಳ್ಳ ಕೂತಲ್ಲೇ ಕೇಳಿಸಿಕೊಳ್ಳುತ್ತಾನೆ.

ಸಹಾಯವಾಣಿಯಲ್ಲಿ ಕಾಯುವುದು ನಿಜಕ್ಕೂ ಸಂಕಟ. ಕಾಯುವ ಹೊತ್ತಿಗೆ ಹಣ ಹೋದರೆ ಎಂಬ ಭಯ ಸಹಜವಾದದ್ದೇ. ಅದಕ್ಕೇ ನಾನು ಬ್ಯಾಂಕಿನ ಆ್ಯಪ್ ತೆರೆದು ಕಾರ್ಡನ್ನು ಮೊದಲು ಅಲ್ಲೇ ಬಂದ್ ಮಾಡುತ್ತೇನೆ, ಆಮೇಲೆ ಕಾಯುತ್ತೇನೆ. ಕಾರ್ಡನ್ನು ತಾವೇ ಚಾಲೂ ಅಥವಾ ಬಂದ್ ಮಾಡುವ ಅವಕಾಶವನ್ನು ಗ್ರಾಹಕರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲೇ ಆದೇಶಿಸಿದೆ. ಪ್ರತಿ ಆ್ಯಪಿನಲ್ಲೂ ಆ ಗುಂಡಿ ಎಲ್ಲಿದೆ ಎಂದು ಗಾಬರಿಯಿಲ್ಲದ ದಿನವೇ ನೋಡಿಟ್ಟುಕೊಂಡಿರಬೇಕು.

ಹಣ ಹೋಗಿಯೇಬಿಟ್ಟವರು ಬಂದರೆ ಬೈದು ಕೂರುವ ಹೊತ್ತಲ್ಲ ಅದು. ನೇರ ಸೈಬರ್ ವಂಚನೆಯ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿಸುತ್ತೇನೆ. ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ ಇವಿಷ್ಟನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇವೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುವ ಮೊದಲು ಅದನ್ನು ಅಲ್ಲೇ ಹಿಡಿದಿಡಬೇಕಾದರೆ ದೂರು ಬೇಗ ದಾಖಲಾಗಬೇಕು. ಅದರ ಜೊತೆಗೇ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು, ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೂ ಹೋಗಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ ಇಲ್ಲಿ ಕೈಹಿಡಿಯುತ್ತದೆ: ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆಯಿಲ್ಲ. ಒಟಿಪಿ ತಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದೇ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆದ್ದರಿಂದ ಒಟಿಪಿ ಹೇಳಿಬಿಟ್ಟೆನಲ್ಲ ಎಂದು ನಾಚಿ ಮನೆಯಲ್ಲಿ ಮುಚ್ಚಿಡುವವರನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಮುಚ್ಚಿಟ್ಟ ಒಂದೊಂದು ಗಂಟೆಯೂ ಅವರ ಹಣದ ಮೇಲೆಯೇ ಬೀಳುತ್ತದೆ.

ನಮ್ಮ ವ್ಯವಹಾರವಿರುವ ಶಾಖೆಗೆ ನಾನು ಒಂದು ಅರ್ಜಿ ಬರೆದುಕೊಟ್ಟಿದ್ದೇನೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಸಹಾಯವಾಣಿಯ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಅಂಟಿಸಿಕೊಡಿ, ಒಟಿಪಿ ಸಂದೇಶದಲ್ಲಿ ಹಣ ಯಾರಿಗೆ ಹೋಗುತ್ತದೆ ಎನ್ನುವ ಸಾಲನ್ನು ಕನ್ನಡದಲ್ಲೂ ಕಳಿಸುವಂತೆ ಮೇಲಿನವರಿಗೆ ಬರೆಯಿರಿ, ನಿಮ್ಮವರು ಕರೆ ಮಾಡಿದಾಗ ಮೊದಲ ಮಾತಿನಲ್ಲೇ ‘ಬೇಕಾದರೆ ಫೋನ್ ಇಟ್ಟು ಕಾರ್ಡಿನ ಹಿಂದಿನ ಸಂಖ್ಯೆಗೆ ಮಾಡಿ’ ಎಂದು ಹೇಳಲಿ ಎಂದು ಅದರಲ್ಲಿ ಕೇಳಿದ್ದೇನೆ. ಮೊದಲನೆಯದನ್ನು ಶಾಖೆಯವರು ಒಪ್ಪಿಕೊಂಡಿದ್ದಾರೆ. ಉಳಿದೆರಡಕ್ಕೆ ಉತ್ತರ ಇನ್ನೂ ಬರಬೇಕಾಗಿದೆ. ಅಲ್ಲಿಯವರೆಗೆ ಪಟ್ಟಿಯ ಹಿಂಬದಿಯಲ್ಲಿ ಆ ರೈತನ ಬ್ಯಾಂಕಿನ ಸಹಾಯವಾಣಿಯನ್ನೂ 1930ನ್ನೂ ನಾನೇ ಕೈಯಿಂದ ಬರೆದು ಕೊಡುತ್ತಿದ್ದೇನೆ.