ಎಮ್ಮೆ ಸಾಕಲು ಆಗದವರು ಎರಡು ಹಾಲಿನ ಆಡು ಕಟ್ಟಿ ನೋಡಿ

ಯಲಬುರ್ಗಾ ಕಡೆ ನಮ್ಮಂಥ ಎರಡೆಕರೆ ಒಣಭೂಮಿಯವರಿಗೆ ಎಮ್ಮೆ ಭಾರ. ಬೇಸಿಗೆಯಲ್ಲಿ ಮೇವು, ನೀರು ಎರಡೂ ಸಾಲುವುದಿಲ್ಲ. ಅದಕ್ಕೇ ಎರಡು ಉಸ್ಮಾನಾಬಾದಿ ತಳಿಯ ಆಡು ಕಟ್ಟಿದ್ದೇವೆ. ಒಂದೊಂದು ಆಡು ದಿನಕ್ಕೆ ಅರ್ಧ ಲೀಟರ್ ಹಾಲು ಕೊಡುತ್ತದೆ, ಚೆನ್ನಾಗಿ ಮೇಯಿಸಿದರೆ ಇನ್ನೂ ಸ್ವಲ್ಪ ಜಾಸ್ತಿ. ಮನೆಯ ಚಹಾಕ್ಕೆ, ಮೊಸರಿಗೆ ಸಾಕು ಅಲ್ವಾ?

ತೊಗರಿ ಹೊಟ್ಟು, ಶೇಂಗಾ ಬಳ್ಳಿ, ಬೇವಿನ ಸೊಪ್ಪು ಎಲ್ಲ ತಿನ್ನುತ್ತವೆ. ಬಳ್ಳಾರಿ ಜಾಲಿ ಕಾಯಿಯನ್ನೂ ಬಿಡುವುದಿಲ್ಲ. ಆದರೆ ಅದೊಂದನ್ನೇ ಹೊಟ್ಟೆ ತುಂಬ ಹಾಕಬೇಡಿ, ಕಾಯಿಲೆ ಬೀಳುತ್ತವೆ.

ಗಬ್ಬ ಸುಮಾರು 150 ದಿನ. ಅವಳಿ ಮರಿ ಸಾಮಾನ್ಯ. ಹೋತಮರಿ ಮಾರಿದರೆ ಮಕ್ಕಳ ಶಾಲೆ ಖರ್ಚಿಗಾಯಿತು, ಹಿಕ್ಕೆ ಹೊಲಕ್ಕಾಯಿತು.

ಹಾಲು ವಾಸನೆ ಅಂತ ಮೂಗು ಮುರಿಯುವವರು ಮೊದಲು ಹೋತವನ್ನು ದೂರ ಕಟ್ಟಿ. ಕೆಚ್ಚಲು ತೊಳೆದು, ಒರೆಸಿ ಹಿಂಡಿ. ತಕ್ಷಣ ಸೋಸಿ ಕಾಯಿಸಿ. ಮೊದಲು ಗೊಣಗುತ್ತಿದ್ದ ನಮ್ಮತ್ತೆ ಈಗ ಎಮ್ಮೆ ಹಾಲು ಕೇಳುವುದೇ ಇಲ್ಲ! ಹಸಿ ಹಾಲು ಮಾತ್ರ ಕುಡಿಯಬೇಡಿ. ವರ್ಷದೊಳಗಿನ ಕೂಸಿಗೆ ತಾಯಿ ಹಾಲಿನ ಬದಲು ಇದನ್ನು ಕೊಡಬೇಡಿ.

ಪಿಪಿಆರ್ (ಆಡು-ಕುರಿಗಳ ಪ್ಲೇಗ್ ರೋಗ) ಲಸಿಕೆಯನ್ನೂ, ಮಳೆಗಾಲಕ್ಕೆ ಮುಂಚೆ ಕರುಳುಬೇನೆ ಲಸಿಕೆಯನ್ನೂ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ನಾವು ಒಂದು ವರ್ಷ ಸುಮ್ನೆ ಬಿಟ್ಟು ಮೂರು ಮರಿ ಕಳೆದುಕೊಂಡೆವು.