‘ಪುಸ್ತಕ ನೋಡಬಹುದು’ ಎಂದಷ್ಟೇ ಬರೆದು ಪಟ್ಟ ಪಾಡು

ಬಳ್ಳಾರಿಯ ನನ್ನ ಮನೆಯಿಂದಲೇ ಒಂದು ಕಾಲೇಜಿನ ಆನ್‌ಲೈನ್ ಕೋರ್ಸಿಗೆ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಉದ್ಯೋಗಸ್ಥರು. ಪರೀಕ್ಷೆಯನ್ನು ಅವರು ಮನೆಯಲ್ಲಿಯೇ ಲ್ಯಾಪ್‌ಟಾಪಿನ ಕ್ಯಾಮೆರಾದ ಮುಂದೆ ಕುಳಿತು ಬರೆಯುತ್ತಾರೆ. ಆ ಕ್ಯಾಮೆರಾದ ಮೂಲಕ ಒಂದು ತಂತ್ರಾಂಶವೂ ದೂರದಲ್ಲಿರುವ ಮೇಲ್ವಿಚಾರಕರೂ ಅವರ ಮೇಲೆ ನಿಗಾ ಇಡುತ್ತಾರೆ. ಮೊದಲ ಸಲ ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ ನಡೆಸಿದಾಗ ಸೂಚನಾ ಪತ್ರದಲ್ಲಿ ‘ಪುಸ್ತಕ ನೋಡಬಹುದು’ ಎಂಬ ಒಂದೇ ಸಾಲು ಬರೆದು ಸುಮ್ಮನಾದೆ. ಇಂಜಿನಿಯರಿಂಗ್ ಪರೀಕ್ಷೆಗಳಿಗೆ ಸ್ಟೀಮ್ ಟೇಬಲ್, ಡಿಸೈನ್ ಡೇಟಾ ಹ್ಯಾಂಡ್‌ಬುಕ್‌ನಂಥ ಅಂಕಿಅಂಶಗಳ ಪುಸ್ತಕ ಒಯ್ಯುವ ರೂಢಿ ಎಷ್ಟೋ ವರ್ಷಗಳಿಂದ ಇದ್ದೇ ಇದೆಯಲ್ಲ, ಇದೂ ಹಾಗೆಯೇ ಎಂದುಕೊಂಡಿದ್ದೆ. ಆದರೆ ಅಲ್ಲಿ ಕೊಠಡಿ ಮೇಲ್ವಿಚಾರಕರು ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಹಾಳೆ ತಿರುವಿ ನೋಡುತ್ತಾರೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮರುದಿನ ಬಂದ ವರದಿಯಲ್ಲಿ ಅನುಮಾನಾಸ್ಪದರೆಂದು ಗುರುತು ಬಿದ್ದವರ ಪಟ್ಟಿ ಉದ್ದವಾಗಿತ್ತು. ಕಣ್ಣು ಪರದೆಯಿಂದ ಕೆಳಗೆ ಸರಿದಾಗಲೆಲ್ಲ ತಂತ್ರಾಂಶ ಗುರುತು ಹಾಕಿತ್ತು. ಪುಸ್ತಕ ಓದುವವರು ಕೆಳಗೆ ನೋಡದೆ ಇನ್ನೆಲ್ಲಿ ನೋಡಬೇಕು? ಒಬ್ಬರು ಪಠ್ಯದ ಪಿಡಿಎಫ್ ತೆರೆಯಲು ಹೋದಾಗ ಬೇರೆ ಕಿಟಕಿ ತೆರೆಯಲು ಬಿಡದ ಬ್ರೌಸರ್ ಅವರ ಪರೀಕ್ಷೆಯನ್ನೇ ಮುಚ್ಚಿಬಿಟ್ಟಿತ್ತು. ಮತ್ತೊಬ್ಬರು ಅದೇ ಪಿಡಿಎಫ್ಅನ್ನು ಮೊಬೈಲಿನಲ್ಲಿ ನೋಡುತ್ತಿದ್ದರೆಂದು ಮೇಲ್ವಿಚಾರಕರು ಅರ್ಧದಲ್ಲಿಯೇ ನಿಲ್ಲಿಸಿದ್ದರು. ನಾನು ಕರೆ ಮಾಡಿ ವಿಚಾರಿಸಿದಾಗ ಆಕೆ, “ಸರ್, ನನ್ನ ಹತ್ರ ಇರೋ ಪುಸ್ತಕಾನೇ ಅದು” ಎಂದರು. ತಪ್ಪು ಅವರದಾಗಿರಲಿಲ್ಲ. ಪುಸ್ತಕವೆಂದರೆ ಏನೆಂದು ನಾನು ವಿದ್ಯಾರ್ಥಿಗೂ ಹೇಳಿರಲಿಲ್ಲ, ಮೇಲ್ವಿಚಾರಕರಿಗೂ ಹೇಳಿರಲಿಲ್ಲ. ಆ ಇಬ್ಬರಿಗೂ ಮರುಪರೀಕ್ಷೆ ಕೊಡಿಸಲು ಎರಡು ವಾರ ಪತ್ರ ಬರೆದೆ.

ಎರಡನೆಯ ಸಲ ನಿಯಮಗಳನ್ನು ಮೇಜಿನ ಮೇಲೆ ಕಾಣುವ ವಸ್ತುಗಳ ಲೆಕ್ಕದಲ್ಲಿ ಬರೆದೆ. ಕಾಗದದ ಮೇಲೆ ಇರುವುದಕ್ಕೆ ಮಾತ್ರ ಅವಕಾಶ: ಒಂದು ಪಠ್ಯಪುಸ್ತಕ, ಸಂಖ್ಯಾಶಾಸ್ತ್ರದ ಕೋಷ್ಟಕಗಳು, ಕೈಬರಹದ ಇಪ್ಪತ್ತು ಹಾಳೆ ಟಿಪ್ಪಣಿ. ಇವುಗಳ ಜೊತೆಗೆ ಸಾಮಾನ್ಯ ಕ್ಯಾಲ್ಕುಲೇಟರ್ ಇಟ್ಟುಕೊಳ್ಳಬಹುದು. ಪಿಡಿಎಫ್ ಮಾತ್ರ ಇದ್ದವರು ಬೇಕಾದ ಅಧ್ಯಾಯಗಳನ್ನಷ್ಟೇ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಸ್ಪೈರಲ್ ಹಾಕಿಸಬೇಕು. ಸ್ಪೈರಲ್ ಹಾಕಿಸುವುದು ಅಂದಕ್ಕಾಗಿ ಅಲ್ಲ. ಮೇ ತಿಂಗಳಲ್ಲಿ ನಮ್ಮ ಕಡೆ ಫ್ಯಾನ್ ಇಲ್ಲದೆ ಕೂರಲಾಗದು. ಬಿಡಿ ಹಾಳೆ ಹಾರುತ್ತದೆ, ಹೆಕ್ಕಲು ಬಗ್ಗಿದವರು ಕ್ಯಾಮೆರಾದಿಂದ ಮರೆಯಾಗುತ್ತಾರೆ. ಕೋಣೆಯನ್ನು ಸುತ್ತ ತೋರಿಸುವಾಗಲೇ ಪುಸ್ತಕ ಮತ್ತು ಟಿಪ್ಪಣಿಯ ಹಾಳೆಗಳನ್ನೂ ಕ್ಯಾಮೆರಾದ ಮುಂದೆ ತಿರುವಿ ತೋರಿಸಬೇಕು. ಇದೇ ಪತ್ರವನ್ನು ಮೇಲ್ವಿಚಾರಕರಿಗೂ ಕಳುಹಿಸಿ, ಕೆಳನೋಟಕ್ಕೆ ಗುರುತು ಬೀಳುವುದನ್ನು ತೆಗೆಸಿದೆ. ಮಾತಿನ ಸದ್ದು, ಎರಡನೆಯ ಮುಖ, ಮೊಬೈಲ್ ಇವುಗಳ ಮೇಲಿನ ನಿಗಾ ಹಾಗೆಯೇ ಉಳಿಯಿತು. ಶಕ್ತಿನಗರ, ಕುಡತಿನಿಗಳಲ್ಲಿ ವಿದ್ಯುತ್ ಸ್ಥಾವರಗಳಿದ್ದರೂ ಕರೆಂಟ್ ಹೋಗುವುದು ನಮಗೆ ಹೊಸದಲ್ಲವಾದ್ದರಿಂದ, ಹದಿನೈದು ನಿಮಿಷದೊಳಗೆ ಮರಳಿ ಬಂದವರು ಕೋಣೆಯನ್ನು ಮತ್ತೊಮ್ಮೆ ತೋರಿಸಿ ಮುಂದುವರಿಯಬಹುದೆಂದೂ ಸೇರಿಸಿದೆ.

ಇಷ್ಟು ಮಾಡಿದರೂ ಪ್ರಶ್ನೆಗಳು ಹಳೆಯವೇ ಆಗಿದ್ದರೆ ಎಲ್ಲವೂ ವ್ಯರ್ಥ. ‘ಮಾನಕ ವಿಚಲನೆ ಎಂದರೇನು’ ಎಂದು ಕೇಳಿದರೆ, ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಎಂದು ಪುಸ್ತಕ ಉತ್ತರಿಸುತ್ತದೆ, ವಿದ್ಯಾರ್ಥಿ ಅಲ್ಲ. ಹಾಗಾಗಿ ಗಂಗಾವತಿಯ ಅಕ್ಕಿಯನ್ನು ಪ್ರಶ್ನೆಗೆ ತಂದೆ: 25 ಕಿಲೋ ಎಂದು ಮುದ್ರಿಸಿದ ಚೀಲಗಳಲ್ಲಿ ತೂಕ ಕಡಿಮೆ ಬರುತ್ತಿದೆ ಎಂದು ಗಿರಾಕಿಗಳು ದೂರುತ್ತಾರೆ, 16 ಚೀಲ ತೂಗಿದಾಗ ಸರಾಸರಿ 24.8 ಕಿಲೋ, ಮಾನಕ ವಿಚಲನೆ 0.4 ಕಿಲೋ, ಶೇಕಡಾ 5ರ ಮಟ್ಟದಲ್ಲಿ (ತೂಕ ಸರಿಯಿದ್ದರೂ ತಪ್ಪಾಗಿ ದೂರನ್ನು ಒಪ್ಪುವ ಸಾಧ್ಯತೆ ಶೇಕಡಾ 5 ಮೀರದಂತೆ) ದೂರು ನಿಲ್ಲುತ್ತದೆಯೇ? ಸೂತ್ರ ಪುಸ್ತಕದಲ್ಲಿದೆ, ಟಿ ಬೆಲೆ, ಅಂದರೆ ಸರಾಸರಿಯ ಕೊರತೆಯನ್ನು ಆಕಸ್ಮಿಕ ಏರಿಳಿತಕ್ಕೆ ಹೋಲಿಸಿ ಅಳೆಯುವ ಸಂಖ್ಯೆ, ಮೈನಸ್ 2 ಎಂದು ಎಲ್ಲರಿಗೂ ಸಿಗುತ್ತದೆ. ಮೈನಸ್ ಬಿಟ್ಟು ಈ 2 ಕೋಷ್ಟಕದ ಗಡಿಯನ್ನು ದಾಟಿದರೆ ದೂರು ನಿಲ್ಲುತ್ತದೆ. ಪುಸ್ತಕದ ಮಾದರಿ ಲೆಕ್ಕವನ್ನು ನೋಡಿ ಎರಡೂ ಬದಿಯ ಪರೀಕ್ಷೆ (ತೂಕ ಹೆಚ್ಚಿದ್ದರೂ ಕಡಿಮೆಯಿದ್ದರೂ ಲೆಕ್ಕಕ್ಕೆ ಹಿಡಿಯುವುದು) ಮಾಡಿದವರು ಕೋಷ್ಟಕದಲ್ಲಿ 2.131ರ ಗಡಿ ಕಂಡು, ದೂರು ನಿಲ್ಲುವುದಿಲ್ಲ ಎಂದು ಬರೆದರು. ದೂರು ಇರುವುದು ತೂಕ ‘ಕಡಿಮೆ’ ಎಂದು, ‘ಬೇರೆ’ ಎಂದಲ್ಲ ಎಂಬುದನ್ನು ಗಮನಿಸಿದವರು ಒಂದೇ ಬದಿಯ ಗಡಿ 1.753 ಹಿಡಿದು, ನಿಲ್ಲುತ್ತದೆ ಎಂದು ಬರೆದರು. ಯಾವ ಪುಟ ತೆರೆದಿಟ್ಟರೂ ಈ ತೀರ್ಮಾನವನ್ನು ವಿದ್ಯಾರ್ಥಿಯೇ ಮಾಡಬೇಕು. ಪ್ರಶ್ನೆಗಳ ಸಂಖ್ಯೆಯನ್ನು ಹನ್ನೆರಡರಿಂದ ಐದಕ್ಕೆ ಇಳಿಸಿದೆ, ಏಕೆಂದರೆ ಮೊದಲ ಸಲ ಹಲವರು ತೊಂಬತ್ತು ನಿಮಿಷವನ್ನು ಪುಟ ಹುಡುಕುವುದರಲ್ಲಿಯೇ ಕಳೆದಿದ್ದರು.

ಪರೀಕ್ಷೆಗೆ ಮೂರು ದಿನ ಮುಂಚೆ ಅಂಕವಿಲ್ಲದ ಹತ್ತು ನಿಮಿಷದ ಅಣಕು ಪರೀಕ್ಷೆಯನ್ನೂ ಇಟ್ಟೆ. ಟಿಪ್ಪಣಿಯ ಅಂಚಿಗೆ ಬಣ್ಣದ ಚೀಟಿ ಅಂಟಿಸಬಹುದೇ ಎಂಬ ಪ್ರಶ್ನೆ ಬಂದದ್ದು ಅಲ್ಲಿಯೇ. ಅಂಟಿಸಬಹುದು, ಆದರೆ ಚೀಟಿಯ ಮೇಲೆ ಅಧ್ಯಾಯದ ಸಂಖ್ಯೆ ಮಾತ್ರ ಇರಬೇಕು ಎಂದು ಅಂದೇ ಸಂಜೆ ಪತ್ರಕ್ಕೆ ಒಂದು ಸಾಲು ಸೇರಿಸಿ ಎಲ್ಲರಿಗೂ ಮತ್ತೆ ಕಳುಹಿಸಿದೆ.