ಮಲೆನಾಡ ಶಾಲೆಗೆ ಹೈಬ್ರಿಡ್ ಸೋಲಾರ್: ಲೆಕ್ಕ ಜುಲೈ ತಿಂಗಳದ್ದಿರಲಿ

ಶಿರಸಿ, ಸಿದ್ದಾಪುರ, ಜೋಯಿಡಾ ಕಡೆಯ ಕಾಡಂಚಿನ ಶಾಲೆಗೆ ಬರೀ ಆನ್‌ಗ್ರಿಡ್ ಸೋಲಾರ್ (ಬ್ಯಾಟರಿ ಇಲ್ಲದೆ ನೇರ ಕರೆಂಟು ಲೈನಿಗೆ ಜೋಡಿಸುವಂಥದ್ದು) ಹಾಕಿಸಬೇಡಿ. ಲೈನ್ ಮೇಲೆ ಮರ ಬಿದ್ದು ಹೆಸ್ಕಾಂ ಕರೆಂಟು ಹೋದರೆ ಆ ಇನ್ವರ್ಟರ್ ತಾನೂ ನಿಲ್ಲುತ್ತದೆ. ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದೇ ಈ ವ್ಯವಸ್ಥೆ. ಬೇಕಾದ್ದು ಬ್ಯಾಟರಿ ಇರುವ ಹೈಬ್ರಿಡ್.

ಮೊದಲು ಲೋಡ್ ಬರೆದುಕೊಳ್ಳಿ. 20 ವ್ಯಾಟಿನ 8 ಎಲ್‌ಇಡಿ ಟ್ಯೂಬ್, 30 ವ್ಯಾಟಿನ 6 ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ) ಫ್ಯಾನ್, ಒಂದು ಟಿವಿ, ಎರಡು ಲ್ಯಾಪ್‌ಟಾಪ್ ಸೇರಿ ದಿನಕ್ಕೆ ಸುಮಾರು 2.3 ಯೂನಿಟ್. ಬೇಸಿಗೆಯಲ್ಲಿ 1 ಕಿಲೋವ್ಯಾಟ್ ಪ್ಯಾನಲ್ಲೇ 4 ಯೂನಿಟ್ ಕೊಡುತ್ತದೆ, ಆದರೆ ಆಷಾಢದ ಮೋಡದಲ್ಲಿ ಒಂದು ಯೂನಿಟ್ ಸಿಕ್ಕರೆ ಹೆಚ್ಚು. ಹಾಗಾಗಿ 540 ವ್ಯಾಟಿನ 4 ಪ್ಯಾನಲ್, ಅಂದರೆ ಸುಮಾರು 2.2 ಕಿಲೋವ್ಯಾಟ್ ಹಾಕಿ. 3 ಕೆವಿಎ, 24 ವೋಲ್ಟ್ ಇನ್ವರ್ಟರ್, 150 ಎಎಚ್‌ನ 2 ಟ್ಯೂಬುಲರ್ ಬ್ಯಾಟರಿ ಸಾಕು. ಬಾವಿಯ ಪಂಪನ್ನು ಇದಕ್ಕೆ ಜೋಡಿಸಬೇಡಿ. ಸ್ಟಾರ್ಟ್ ಆಗುವಾಗ ಅದು ಹಲವು ಪಟ್ಟು ಕರೆಂಟು ಎಳೆಯುತ್ತದೆ.

ಇನ್ವರ್ಟರ್ ಸುಡುವುದು ಹೆಚ್ಚಾಗಿ ಇಲ್ಲಿ: ಇಂಥ ಪ್ಯಾನಲ್ಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಲೋಡ್ ಇಲ್ಲದಾಗಿನ ವೋಲ್ಟೇಜ್) ಸುಮಾರು 49.5. ಎರಡನ್ನು ಸೀರೀಸ್ ಮಾಡಿದರೆ, ಅಂದರೆ ಒಂದರ ಬೆನ್ನಿಗೆ ಒಂದು ಜೋಡಿಸಿದರೆ 99. ಡಿಸೆಂಬರಿನ ಚಳಿ ಬೆಳಗಿನಲ್ಲಿ ಅದು 102 ದಾಟುತ್ತದೆ. ಮಿತಿ 100 ವೋಲ್ಟ್ ಎಂದಿರುವ ಇನ್ವರ್ಟರ್ ತಡೆಯುವುದಿಲ್ಲ, 145 ಇರುವುದನ್ನೇ ಕೇಳಿ. ಚಾರ್ಜಿಂಗ್ ಕರೆಂಟನ್ನು 15ರಿಂದ 20 ಆಂಪಿಯರಿಗೆ ಇಳಿಸಿ. 60ರಲ್ಲೇ ಬಿಟ್ಟರೆ ಬ್ಯಾಟರಿ ಕಾದು, ನೀರು ಬೇಗ ಆರುತ್ತದೆ. ಬ್ಯಾಟರಿಯಿಂದ ಇನ್ವರ್ಟರಿಗೆ ದಪ್ಪ ತಾಮ್ರದ ಕೇಬಲ್, ಉದ್ದ ಒಂದೂವರೆ ಮೀಟರ್ ಮೀರದಿರಲಿ.

ಹಂಚಿನ ಮಾಡಿಗೆ ತೂತು ಹೊಡೆಯುವುದಕ್ಕಿಂತ ಅಂಗಳದಲ್ಲಿ ಗ್ಯಾಲ್ವನೈಸ್ಡ್ ಸ್ಟ್ಯಾಂಡ್ ನಿಲ್ಲಿಸುವುದೇ ಲೇಸು. ಮುಖ ದಕ್ಷಿಣಕ್ಕೆ, ಓರೆ 15 ಡಿಗ್ರಿ. ಬೆಳಿಗ್ಗೆ 9ರಿಂದ 3ರವರೆಗೆ ಅಡಿಕೆ ಮರದ ನೆರಳೂ ಬೀಳಬಾರದು. ಕಾರವಾರ, ಅಂಕೋಲೆಯಂಥ ಕಡಲಂಚಿನಲ್ಲಿ ಬೋಲ್ಟು 316 ಸ್ಟೀಲಿನದ್ದೇ ಇರಲಿ. ಉಪ್ಪುಗಾಳಿಗೆ ಬೇರೆಯವು ಬೇಗ ತುಕ್ಕು ಹಿಡಿಯುತ್ತವೆ.

ಅರ್ಥಿಂಗ್ ವಿಷಯದಲ್ಲಿ ಮಾತ್ರ ಖಂಡಿತ ಕೈ ಬಿಗಿ ಮಾಡಬೇಡಿ, ಪಕ್ಕದಲ್ಲೇ ಮಕ್ಕಳು ಕೂತಿರುತ್ತಾರೆ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥ್ ಹಿಡಿಯುವುದೇ ಇಲ್ಲ. ಏಪ್ರಿಲ್-ಮೇ ಸಿಡಿಲು ಬರುವುದೂ ಆಗಲೇ. ಅರ್ಥ್ ಗುಂಡಿಗೆ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿ, ಮೇ ತಿಂಗಳಲ್ಲೇ ಅಳೆಯಿಸಿ, 5 ಓಮಿಗಿಂತ ಕಡಿಮೆ ಬರಬೇಕು. ಪ್ಯಾನಲ್ ಲೈನಿಗೆ ಡಿಸಿ ಎಸ್‌ಪಿಡಿ (ಸಿಡಿಲಿನಿಂದ ಏರುವ ವೋಲ್ಟೇಜನ್ನು ನೆಲಕ್ಕಿಳಿಸುವ ಸಾಧನ) ಬೇಕೇ ಬೇಕು.

ಜೂನ್ ಬಂತೆಂದರೆ ಇನ್ವರ್ಟರಿನ ಸೆಟ್ಟಿಂಗ್ ಬದಲಿಸಿ, ಬ್ಯಾಟರಿ ಹೆಸ್ಕಾಂ ಕರೆಂಟಿನಿಂದಲೂ ತುಂಬಲಿ. ಅಕ್ಟೋಬರಿನಲ್ಲಿ ಮತ್ತೆ ಸೋಲಾರ್ ಮೊದಲು. ಪ್ಯಾನಲ್ಲಿನ ಕೆಳ ಅಂಚಿನಲ್ಲಿ ಕಟ್ಟುವ ಹಾವಸೆಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಬೇಸಿಗೆ ರಜೆಗೆ ಬೀಗ ಹಾಕುವ ಮುನ್ನ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿ, ಪ್ಯಾನಲ್ಲಿನ ಎಂಸಿಬಿ (ಸುರಕ್ಷತಾ ಸ್ವಿಚ್) ಆನ್ ಇದೆಯೇ ನೋಡಿ. ಎಲ್ಲ ಆಫ್ ಮಾಡಿ ಹೋದರೆ ಎರಡು ತಿಂಗಳಲ್ಲಿ ಬ್ಯಾಟರಿ ಸಲ್ಫೇಟ್ ಕಟ್ಟಿ ಕೆಡುತ್ತದೆ.